ಬಕೆಟ್ ಗುರುತಿನ ಅಭ್ಯರ್ಥಿ

2020ರಲ್ಲಿ ಲಾಕ್‌ಡೌನ್ ಬಿದ್ದು, ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಜಡಿದು ನಾನು ಕಡರನಾಯಕನಹಳ್ಳಿಗೆ ಬಂದು ಕೂತ ಮೇಲೆ ನಮ್ಮವ್ವನಿಗೆ ಒಂದು ಹೊಸ ತಾಪತ್ರಯ ಅಂಟಿಕೊಂಡಿತು. ಹಗಲೆಲ್ಲ ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಹಿಡಿದು ಒಬ್ಬನೇ ಮಾತಾಡುವ ಮಗ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದವರಿಗೆ ಉತ್ತರ ಕೊಡಬೇಕಿತ್ತು. ನಾನು 'ಕ್ಲೌಡ್ ಸೆಕ್ಯುರಿಟಿ' ಅಂದೆ. ಅವ್ವ ಅದನ್ನು ಎರಡು ದಿನ ಎಲೆ ಅಡಿಕೆಯ ಜೊತೆ ಅಗಿದು, ಮೂರನೇ ದಿನ "ನಮ್ಮುಡುಗ ಮೋಡ ಕಾಯ್ತಾನೆ" ಎಂದು ಓಣಿಗೆಲ್ಲ ಸಾರಿಬಿಟ್ಟಳು.

ಭತ್ತ ಕೊಯ್ಲಿಗೆ ಬಂದ ಕಾಲ. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತರೆ ಸಾಕು, ಯಾರಾದರೊಬ್ಬರು ಕಟ್ಟೆಗೆ ಬಂದು ಕೂರುತ್ತಿದ್ದರು.

"ತಮ್ಮಾ, ನಾಡಿದ್ದು ಮಿಷಿನ್ ಹೇಳೀನಿ. ಮೋಡ ಹೆಂಗೈತೆ?"

"ಅದು ಬೇರೆ ಮೋಡ ದೊಡ್ಡಪ್ಪ. ಕಂಪ್ಯೂಟರಿನ ಮೋಡ."

"ಅದ್ರಾಗೆ ಮಳೆ ಬರಂಗಿಲ್ವಾ?"

"ಇಲ್ಲ."

"ಮತ್ತೆ ಕಾಯಾದೇನು?"

ಹನ್ನೊಂದು ವರ್ಷದ ನೌಕರಿಯಲ್ಲಿ ನನ್ನ ಯಾವ ಮ್ಯಾನೇಜರೂ ಕೇಳದ ಪ್ರಶ್ನೆ ಅದು. ಕೇಳಿದ್ದರೆ ಹನ್ನೊಂದು ವರ್ಷ ನೌಕರಿ ಉಳಿಯುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಈ ಮೋಡ ಹುಟ್ಟಿದ್ದೇ ಸೋಮಾರಿತನದಿಂದ. ಹಿಂದೆ ಟೆಲಿಫೋನ್ ಜಾಲದ ನಕ್ಷೆ ಬರೆಯುತ್ತಿದ್ದ ಎಂಜಿನಿಯರುಗಳು ಈ ತುದಿಗೊಂದು ಯಂತ್ರ, ಆ ತುದಿಗೊಂದು ಯಂತ್ರ ಬರೆದು, ನಡುವಿನದು ನಮಗೆ ಸಂಬಂಧಪಡದ್ದು ಎನ್ನುವಲ್ಲಿ ಒಂದು ಉಬ್ಬುಬ್ಬಿದ ಮೋಡ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಮುಂದೆ ಇಂಟರ್‌ನೆಟ್ಟಿಗೂ ಅದೇ ಮೋಡ ಬಂತು, ಆಮೇಲೆ ಇಡೀ ಉದ್ಯಮಕ್ಕೆ ಅದೇ ಹೆಸರಾಯಿತು. 'ಇದರೊಳಗೆ ಏನಿದೆಯೋ ಕೇಳಬೇಡಿ' ಎನ್ನುವುದಕ್ಕೆ ಇಟ್ಟ ಗುರುತನ್ನು ಕಾಯುವುದಕ್ಕೆ ನನಗೆ ತಿಂಗಳ ಸಂಬಳ.

ಹೀಗಿರುವಾಗ ನಮ್ಮ ಕಡೆಯ ಒಂದು ಸಂಘದವರು ತಮ್ಮ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ಹಾಕಿಸಿ, ರಾತ್ರಿ ಹೊತ್ತು ಅದರ ಒಂದು ಪ್ರತಿ ಕ್ಲೌಡಿಗೆ ಹೋಗುವ ಹಾಗೆ ಮಾಡಿಕೊಡಲು ನನ್ನನ್ನು ಕೇಳಿದರು. ಊರಿನ ಕೆಲಸ, ದುಡ್ಡಿನ ಮಾತಿಲ್ಲ. ಮಾಡಿಕೊಟ್ಟೆ. ಆದರೆ ನಿರ್ದೇಶಕರಲ್ಲಿ ಒಬ್ಬರಿಗೆ ಸಮಾಧಾನವಿರಲಿಲ್ಲ. "ಲೆಕ್ಕದ ಬುಕ್ಕು ಬೀರುವಿನಾಗೆ ಇದ್ರೆ ಬೀರು ಕಾಣ್ತದೆ. ಇದು ಎಲ್ಲೈತೆ ಅಂತ ಒಂದು ನಕ್ಷೆ ಬರಕೊಡಪಾ" ಎಂದರು. ಒಂದು ಹಾಳೆ, ಅದರ ಮೇಲೆ ಒಂದು ಕಂಪ್ಯೂಟರು, ಒಂದು ಬೀಗ, ಒಂದು ಬಕೆಟ್ಟು ಬರೆದು, ನಡುವೆ ಎರಡು ಗೆರೆ ಎಳೆದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಬಕೆಟ್ಟು ಯಾಕೆ ಅಂದಿರಾ? ಕ್ಲೌಡ್ ಕಂಪನಿಗಳು ನಕ್ಷೆ ಬರೆಯುವವರಿಗೆಂದೇ ಚಿತ್ರಗುರುತುಗಳ ಕಟ್ಟುಗಳನ್ನು ಪುಕ್ಕಟೆ ಹಂಚುತ್ತವೆ. ಈ ಗುರುತನ್ನು ನಾವು ಐಕಾನ್ ಎನ್ನುತ್ತೇವೆ. ಅಮೆಜಾನ್ ಕಟ್ಟಿನಲ್ಲಿ ಲೆಕ್ಕ ಮಾಡುವ ಯಂತ್ರಕ್ಕೆ ಕಿತ್ತಳೆ ಬಣ್ಣ, ಸಂಗ್ರಹಕ್ಕೆ ಹಸಿರು, ಜಾಲಕ್ಕೆ ನೇರಳೆ, ಭದ್ರತೆಗೆ ಕೆಂಪು. 2006ರ ಮಾರ್ಚ್‌ನಲ್ಲಿ ಶುರುವಾದ ಅವರ ಎಸ್-3 ಎಂಬ ಸಂಗ್ರಹ ಸೇವೆಯಲ್ಲಿ ಮಾಹಿತಿ ತುಂಬುವ ಪಾತ್ರೆಯ ಹೆಸರೇ ಬಕೆಟ್, ಅದರ ಐಕಾನೂ ಬಕೆಟ್ಟೇ. ಮೈಕ್ರೋಸಾಫ್ಟಿನವರ ಕಟ್ಟಿನಲ್ಲಿ ಕೀಲಿಗಳನ್ನು ಬಚ್ಚಿಡುವ ತಿಜೋರಿಗೆ ಬೀಗದಕೈ, ಜಾಲದ ಕಾವಲಿಗೆ ಗುರಾಣಿ. ಫೈರ್‌ವಾಲ್ ಅನ್ನುವುದಕ್ಕೆ ಎಲ್ಲರೂ ಇಟ್ಟಿಗೆ ಗೋಡೆಯನ್ನೇ ಬರೆಯುತ್ತಾರೆ. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಿರಲಿ ಎಂದು ಕಟ್ಟುತ್ತಿದ್ದ ಗೋಡೆಯ ಹೆಸರದು, ಕಂಪ್ಯೂಟರಿಗೆ ಬಂದು ಸೇರಿಕೊಂಡಿದೆ.

ಕಟ್ಟಿನ ಜೊತೆ ನಿಯಮಗಳೂ ಬರುತ್ತವೆ. ಮೈಕ್ರೋಸಾಫ್ಟಿನವರು ಐಕಾನನ್ನು ಕತ್ತರಿಸಬೇಡಿ, ಮಗುಚಬೇಡಿ, ತಿರುಗಿಸಬೇಡಿ, ಆಕಾರ ಕೆಡಿಸಬೇಡಿ ಎನ್ನುತ್ತಾರೆ. ಮಗ್ಗುಲಲ್ಲೇ ಅದರ ಹೆಸರನ್ನು ಬರೆದರೆ ಒಳ್ಳೆಯದು ಎಂದೂ ಸೇರಿಸುತ್ತಾರೆ. ಮೊದಲ ನಾಲ್ಕನ್ನು ನಾನು ಏಕಾದಶಿ ಉಪವಾಸದಂತೆ ಪಾಲಿಸಿಕೊಂಡು ಬಂದವನು. ಕೊನೆಯದನ್ನು ಮಾತ್ರ ಒಂದು ದಿನವೂ ಪಾಲಿಸಿರಲಿಲ್ಲ. ಹೆಸರು ಬರೆದರೆ ನಕ್ಷೆಯ ಅಂದ ಕೆಡುತ್ತದೆ, ತಿಳಿದವರಿಗೆ ತಿಳಿಯುತ್ತದೆ ಎಂಬುದು ನನ್ನ ವಾದ. ಹೆಸರಿಲ್ಲದ ಐಕಾನುಗಳ ನಡುವೆ ನಮಗೇ ಗೊತ್ತಿಲ್ಲದ ಭಾಗ ಎಲ್ಲಿದೆ ಎಂದು ಯಾರಿಗೂ ಪತ್ತೆಯಾಗುವುದಿಲ್ಲ ಎಂಬ ಇನ್ನೊಂದು ಅನುಕೂಲವನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೂರು ಐಕಾನಿನಲ್ಲಿ ಮುಗಿಯುವ ಕೆಲಸಕ್ಕೆ ನಲವತ್ತಮೂರು ಹಾಕಿದೆ. ಆ ಸಂಘಕ್ಕೆ ಇಲ್ಲದ ಸಾಮಾನುಗಳನ್ನೆಲ್ಲ 'ಮುಂದೆ ಬೇಕಾದರೆ' ಎಂದು ಚುಕ್ಕೆಗೆರೆಯ ಡಬ್ಬಿಗಳಲ್ಲಿ ತುಂಬಿದೆ. ಮಾಳಿಗೆ ಮೇಲೆ ಕೂತು, ರಾತ್ರಿ ಒಂದರವರೆಗೆ ಬಾಣಗಳನ್ನು ನೆಟ್ಟಗೆ ಮಾಡಿದೆ.

ಬೆಳಿಗ್ಗೆ ಹರಿಹರಕ್ಕೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಕಪ್ಪು ಬಿಳುಪು ಬಂತು. ಕೆಂಪು ಭದ್ರತೆಯೂ ಹಸಿರು ಸಂಗ್ರಹವೂ ಒಂದೇ ಬೂದಿ ಬಣ್ಣ. ಬಣ್ಣದ್ದು ಬೇಕೆಂದರೆ "ಫ್ಲೆಕ್ಸ್ ಮಾಡ್ಸಿಬಿಡ್ರಿ, ದೊಡ್ಡದಾಗಿ ಕಾಣ್ತದೆ" ಎಂದು ಜೆರಾಕ್ಸಿನವನೇ ದಾರಿ ತೋರಿಸಿದ. ಹಾಳಾಗುವವನಿಗೆ ದಾರಿ ತೋರಿಸುವವರು ಎಲ್ಲ ಊರಲ್ಲೂ ಇರುತ್ತಾರೆ.

ಫ್ಲೆಕ್ಸ್ ಅಂಗಡಿಯ ಹುಡುಗ ಕೋರಲ್ ಡ್ರಾ ಮುಂದೆ ಕೂತಿದ್ದ. ಗೋಡೆ ತುಂಬ ಹುಟ್ಟುಹಬ್ಬದ ಶುಭಾಶಯಗಳು, ಗೃಹಪ್ರವೇಶಗಳು, ಭಾವಪೂರ್ಣ ಶ್ರದ್ಧಾಂಜಲಿಗಳು. ನಾನು ವಾಟ್ಸಾಪಿನಲ್ಲಿ ಕಳಿಸಿದ ಕಡತ ತೆರೆದು, ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದ.

"ಅಣ್ಣಾ, ಈ ಬಕೆಟ್ ಓಪನ್ ಐತಲ್ಲ, ಮುಚ್ಚಳ ಹಾಕ್ಲಾ? ನನ್ನತ್ರ ಎಚ್‌ಡಿ ಮುಚ್ಚಳ ಐತೆ."

ನನಗೆ ಉರಿಯಿತು. ಐಕಾನ್ ಮುಟ್ಟಬಾರದು ಎಂಬುದರ ಬಗ್ಗೆ ಅವನಿಗೆ ಕಾಲು ಗಂಟೆ ಪಾಠ ಮಾಡಿದೆ. ಉದಾಹರಣೆಗೆ ನಮ್ಮ ಹರಿಹರೇಶ್ವರನನ್ನೇ ಎಳೆದು ತಂದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಆ ಕಡೆ ತ್ರಿಶೂಲ, ಈ ಕಡೆ ಚಕ್ರ. "ನೀನು ಕೋರಲ್‌ನಲ್ಲಿ ಆ ಫೋಟೋನ ಸುಮ್ನೆ ಒಂದು ಸಲ ಮಗುಚಿದ್ರೆ ಏನಾಗ್ತದೆ? ಚಕ್ರ ಶಿವನ ಜಾಗಕ್ಕೆ ಬರುತ್ತೆ. ಎಂಟುನೂರು ವರ್ಷದಿಂದ ಯಾರಾದ್ರೂ ಮಗುಚಿದಾರಾ?" ಎಂದೆ.

ಹುಡುಗ ಗಂಭೀರವಾಗಿ ಕೇಳಿಸಿಕೊಂಡ. "ಮಗುಚಲ್ಲ ಬಿಡ್ರಣ್ಣ. ಮುಚ್ಚಳನೂ ಹಾಕಲ್ಲ. ಆದ್ರೆ ಖಾಲಿ ಖಾಲಿ ಕಾಣ್ತದೆ, ಸ್ವಲ್ಪ ಸೆಟ್ ಮಾಡ್ತೀನಿ. ಪ್ರೂಫ್ ಕಳಿಸ್ತೀನಿ, ಓಕೆ ಮಾಡ್ರಿ" ಎಂದ.

ಸಂಜೆ ಪ್ರೂಫ್ ಬಂತು. ಆದರೆ ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಈಶಾನ್ಯ ಮೂಲೆಯಲ್ಲಿ, ಅದೂ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತರೆ. ಚಿತ್ರ ಮಸುಕಾಗಿಯೇ ಉಳಿದು, ನಡುವೆ ಒಂದು ಚಕ್ರ ತಿರುಗುತ್ತಲೇ ಇತ್ತು. ಹರಿಯ ಚಕ್ರವಾದರೂ ಒಂದು ಹೊತ್ತಿಗೆ ನಿಂತೀತು, ಇದು ನಿಲ್ಲಲಿಲ್ಲ. ಮಸುಕಿನಲ್ಲಿ ಕೆಂಪು, ಹಸಿರು ಎಲ್ಲ ಕಂಡವು. 'ಓಕೆ' ಎಂದು ಕಳಿಸಿದೆ. ಭದ್ರತೆಯ ಕೆಲಸದವನು, ಪೂರ್ತಿ ನೋಡದೆ ಒಪ್ಪಿಗೆ ಕೊಡಬೇಡಿ ಎಂದು ಊರಿಗೆಲ್ಲ ತರಬೇತಿ ಕೊಡುವವನು.

ಮರುದಿನ ಸಂಘದ ಹುಡುಗರು ನೇರ ಅಂಗಡಿಯಿಂದಲೇ ಫ್ಲೆಕ್ಸ್ ತಂದು ರಾತ್ರಿಯೇ ಕಟ್ಟಿದರಂತೆ. ಬೆಳಿಗ್ಗೆ ಏಳಕ್ಕೆ ಫೋನು. ಸೋದರತ್ತೆಯ ಮಗ.

"ಏನೋ, ಹೇಳ್ದೆ ಕೇಳ್ದೆ ನಿಂತ್ಬಿಟ್ಟೀಯಲ್ಲೋ!"

"ಎಲ್ಲಿ ನಿಂತೆ?"

"ಪಂಚಾಯ್ತಿಗೆ!"

ಓಡಿ ಹೋಗಿ ನೋಡಿದೆ. ಎಂಟಡಿ ಅಗಲ, ಆರಡಿ ಎತ್ತರ. ನಟ್ಟನಡುವೆ ನಾನು. ಕೊಂಡಜ್ಜಿ ಕೆರೆ ದಂಡೆಯ ಮೇಲೆ ತಂಪು ಕನ್ನಡಕ ಹಾಕಿ ತೆಗೆಸಿಕೊಂಡ ನನ್ನ ವಾಟ್ಸಾಪ್ ಫೋಟೋದಿಂದ ತಲೆಯನ್ನು ಮಾತ್ರ ಕತ್ತರಿಸಿ, ಬಿಳಿ ಅಂಗಿ ತೊಟ್ಟು ಕೈ ಮುಗಿದು ನಿಂತ ಯಾರದೋ ಮುಂಡಕ್ಕೆ ಹುಡುಗ ಜೋಡಿಸಿದ್ದ. ಅಂಥ ಮುಂಡಗಳ ಒಂದು ಕಟ್ಟು ಅವನ ಬಳಿಯೂ ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹಿಂದೆ ತೇಲುವ ಬಿಳಿ ಮೋಡಗಳು. ಮೇಲೆ ದಪ್ಪಕ್ಷರದಲ್ಲಿ 'ಮೋಡದ ಭದ್ರತೆ – ನಮ್ಮ ಬದ್ಧತೆ'. ನನ್ನ ನಲವತ್ತೆರಡು ಐಕಾನುಗಳು ಅಂಚಿನ ಸುತ್ತ ಹೂಬಳ್ಳಿಯಂತೆ ಸಣ್ಣಗೆ ಹಬ್ಬಿದ್ದವು. ಬಾಣಗಳಲ್ಲಿ ಉಳಿದದ್ದು ಒಂದೇ, ಮೋಡದಿಂದ ಇಳಿದದ್ದು. ಅದರ ತುದಿಗೆ ಬಲಗಡೆ ಮೂಲೆಯಲ್ಲಿ, ನನ್ನ ತಲೆಯ ಎರಡರಷ್ಟು ದೊಡ್ಡದಾಗಿ, ಕತ್ತರಿಸದೆ, ಮಗುಚದೆ, ತಿರುಗಿಸದೆ, ಮುಚ್ಚಳವಿಲ್ಲದ ಬಕೆಟ್.

ಅದು 2020ರ ಡಿಸೆಂಬರ್. ರಾಜ್ಯದ ಗ್ರಾಮ ಪಂಚಾಯಿತಿ ಚುನಾವಣೆ 22 ಮತ್ತು 27ರಂದು ಎರಡು ಹಂತದಲ್ಲಿ ನಿಗದಿಯಾಗಿತ್ತು. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆಯೋಗದ ಪಟ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ಗುರುತು ಸಿಗುತ್ತದೆ. ಆಟೋ, ಸಿಲಿಂಡರು, ಹೊಲಿಗೆ ಮಿಷಿನ್ನು. ಆ ದಿನಗಳಲ್ಲಿ ಹಳ್ಳಿಯ ಯಾವ ಮನುಷ್ಯನಿಗೂ ಕೈ ಮುಗಿದ ಮುಖದ ಪಕ್ಕ ಬಕೆಟ್ ಕಂಡರೆ ಅರ್ಥ ಒಂದೇ.

ಕಟ್ಟೆಯ ಮೇಲೆ ಆಗಲೇ ವಿಶ್ಲೇಷಣೆ ನಡೆದಿತ್ತು.

"ಸುತ್ತ ಇರವು ಏನವು? ಬೀಗದಕೈ, ಗೋಡೆ, ಗುರಾಣಿ?"

"ಎದುರಾಳಿಗಳವು. ಅದ್ಕೇ ಸಣ್ಣಕೆ ಹಾಕೌನೆ."

"ನಲವತ್ತು ಜನ ನಿಂತಾರೇನು?"

"ಓದಿದೋನು ನಿಂತ ಅಂದ್ರೆ ಎಲ್ರೂ ನಿಲ್ತಾರೆ."

ಇದನ್ನು ತಪ್ಪು ತಿಳಿವಳಿಕೆ ಎನ್ನಲು ನನಗೆ ಬಾಯಿ ಬರಲಿಲ್ಲ. ಈ ವಿದ್ಯೆಯಲ್ಲಿ ಅವರು ನನಗಿಂತ ಬಹಳ ಹಿರಿಯರು. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದು ಬರುತ್ತಿರಲಿಲ್ಲ ಎಂದೇ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಗುರುತು ಅಂಟಿಸಿದ್ದರು. ಚುನಾವಣಾ ಆಯೋಗದಲ್ಲಿದ್ದ ಎಂ. ಎಸ್. ಸೇಠಿ ಎಂಬ ಡ್ರಾಫ್ಟ್ಸ್‌ಮನ್ ಪೆನ್ಸಿಲಿನಲ್ಲಿ ಬರೆದ ಮನೆಬಳಕೆಯ ಸಾಮಾನುಗಳ ಚಿತ್ರಗಳೇ ಇವತ್ತಿಗೂ ಮತಪತ್ರದ ಮೇಲೆ ಓಡಾಡುತ್ತಿವೆ. ನಮ್ಮ ದೊಡ್ಡಪ್ಪ 1967ರಿಂದ ಮತ ಹಾಕುತ್ತಿರುವವನು. ಜೋಡೆತ್ತು ಹೋಗಿ ಹಸು-ಕರು ಬಂದದ್ದು, ಅದು ಹೋಗಿ 1978ರಲ್ಲಿ ಕೈ ಬಂದದ್ದು ಎಲ್ಲ ಅವನಿಗೆ ಕಂಠಪಾಠ. "ಅಮ್ಮ ಅದೇ ಅಮ್ಮ, ಗುರುತು ಮೂರು. ನಾವೇನು ದಾರಿ ತಪ್ಪಿದ್ವಾ?" ಎನ್ನುತ್ತಾನೆ. ನಾನು ತಪ್ಪಿದ್ದೇನೆ. 2023ರ ಜುಲೈನಲ್ಲಿ ಮೈಕ್ರೋಸಾಫ್ಟಿನವರು ಅಜೂರ್ ಆಕ್ಟಿವ್ ಡೈರೆಕ್ಟರಿ ಎಂಬ ತಮ್ಮ ಲಾಗಿನ್ ಸೇವೆಗೆ ಎಂಟ್ರಾ ಐಡಿ ಎಂದು ಹೆಸರು ಬದಲಿಸಿ, ಐಕಾನೂ ಬದಲಿಸಿದರು. ಅದಾಗಿ ಆರು ತಿಂಗಳು ಹಳೆಯ ಐಕಾನಿನಲ್ಲೇ ನಕ್ಷೆ ಬರೆದು, ಒಂದು ಸಭೆಯಲ್ಲಿ ಜೋಡೆತ್ತಿಗೆ ಓಟು ಹಾಕುವ ಮುದುಕನಂತೆ ಸಿಕ್ಕಿಬಿದ್ದೆ.

ಹತ್ತು ಗಂಟೆಗೆ ಇನ್ನೊಂದು ಅನಾಹುತ. ಯಾರೋ ಫ್ಲೆಕ್ಸಿನ ಫೋಟೋ ತೆಗೆದು ನೆಂಟರ ಗುಂಪಿಗೆ ಹಾಕಿದ್ದರು. ಹೊನ್ನಾಳಿ ಕಡೆಯ ಚಿಕ್ಕಮ್ಮ ಅವ್ವನಿಗೆ ಫೋನ್ ಮಾಡಿ ಹೋ ಎಂದು ಅಳಲು ಶುರುಮಾಡಿದಳು. ಮುಖದ ಹಿಂದೆ ಬಿಳಿ ಮೋಡ ಹಾಕುವುದು ಶ್ರದ್ಧಾಂಜಲಿಯ ಫ್ಲೆಕ್ಸಿಗೆ ತಾನೆ. ಕೊರೊನಾ ಕಾಲ ಬೇರೆ. ಅವ್ವ ನನ್ನನ್ನು ಕರೆದು ಫೋನಿನಲ್ಲಿ ಮಾತಾಡಿಸಿದ ಮೇಲೂ ಚಿಕ್ಕಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅವಳದೂ ತಪ್ಪಲ್ಲ. ನಮ್ಮ ಊರುಗಳ ಗುಡಿ ಮುಂದಿನ ವೀರಗಲ್ಲು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಕೆಳಗಿನಿಂದ ಮೇಲಕ್ಕೆ ಓದಬೇಕು. ಹೆಸರು ಬರೆಯದಿದ್ದರೂ ಈ ಮನುಷ್ಯ ದಾಳಿಯಲ್ಲಿ ಸತ್ತು ಮೇಲೆ ಹೋದ ಎಂದು ಯಾರಿಗಾದರೂ ತಿಳಿಯುತ್ತದೆ. ಈಗ ನನ್ನ ಫ್ಲೆಕ್ಸ್ ನೋಡಿ: ಕೆಳಗೆ ಗುರಾಣಿ, ನಡುವೆ ನಾನು, ಮೇಲೆ ಮೋಡ.

ಸಂಜೆ ಸಂಘದ ಸಭೆ. ಮಂಡಕ್ಕಿ, ಮಿರ್ಚಿ ಹಂಚಿದರು. ನಾನು ನಿಂತಿಲ್ಲ, ನಿಲ್ಲುವುದಿಲ್ಲ, ಬಕೆಟ್ ನನ್ನದಲ್ಲ ಎಂದು ಮೊದಲ ಹತ್ತು ನಿಮಿಷ ವಿವರಿಸಿದೆ. ಇದನ್ನೇ ಎಲ್ಲ ಅಭ್ಯರ್ಥಿಗಳೂ ನಾಮಪತ್ರ ಸಲ್ಲಿಸುವವರೆಗೆ ಹೇಳುತ್ತಾರಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು "ಮನೆಗೊಂದು ಬಕೆಟ್ ಕೊಡ್ತೀಯೋ, ಎರಡೋ?" ಎಂದು ಕೇಳಿಯೇ ಬಿಟ್ಟರು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಮೂಲ ನಕ್ಷೆಯನ್ನೇ ತೆರೆದು ಭದ್ರಾ ನಾಲೆಯ ಹೋಲಿಕೆ ಹಿಡಿದೆ. ಲಕ್ಕವಳ್ಳಿಯ ಅಣೆಕಟ್ಟು ಅಂದರೆ ಡೇಟಾ ಸೆಂಟರು. ನಾಲೆ ಅಂದರೆ ನೆಟ್‌ವರ್ಕು. ತೂಬಿನ ಗೇಟು ಅಂದರೆ ಫೈರ್‌ವಾಲು. ಯಾರಿಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ನೀರುಗಂಟಿಯೇ ಪಾಸ್‌ವರ್ಡು. ಜನ ತಲೆ ಅಲ್ಲಾಡಿಸಿದರು. ನನಗೆ ಹುರುಪು ಬಂತು. ಅಷ್ಟರಲ್ಲಿ ಒಬ್ಬ ರೈತ ಎದ್ದು ನಿಂತು, "ಕೊನೆಭಾಗಕ್ಕೆ ಡೇಟಾ ಮುಟ್ತದೇನು?" ಎಂದ. ದಾವಣಗೆರೆ ಜಿಲ್ಲೆಯಲ್ಲಿ ಕೊನೆಭಾಗದ ರೈತ ಎಂದರೆ ಒಂದು ಬೇರೆಯೇ ಕುಲ. ಮೇಲಿನವರು ನೀರು ತಡೆದರು ಎನ್ನುವುದರಿಂದ ಹಿಡಿದು, ನೀರುಗಂಟಿ ರಾತ್ರಿ ಹೊತ್ತು ಗೇಟು ಯಾರಿಗೆ ಎತ್ತುತ್ತಾನೆ ಎನ್ನುವವರೆಗೆ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಅದರಲ್ಲಿ ನನ್ನ ಪಾತ್ರವೇನೂ ಇರಲಿಲ್ಲ. ಮಿರ್ಚಿ ತಿನ್ನುತ್ತಾ, ಒಳಗಿನವರೇ ಗೇಟು ಎತ್ತಿದರೆ ಏನು ಮಾಡುವುದು ಎಂಬ ಬಗ್ಗೆ ನಾನು ಕೇಳಿದ ಅತ್ಯುತ್ತಮ ಗೋಷ್ಠಿಯನ್ನು ಕೇಳಿಸಿಕೊಂಡೆ.

ಕೊನೆಗೆ ನಮ್ಮ ಮಾವ ಎದ್ದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಇದ್ದವರು. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಲೆಜೆಂಡ್ ಎಲ್ಲೈತೆ?"

"ಇವೆಲ್ಲ ಸ್ಟ್ಯಾಂಡರ್ಡ್ ಐಕಾನ್ ಮಾವ. ಲೆಜೆಂಡ್ ಬೇಕಾಗಲ್ಲ."

"ಸ್ಟ್ಯಾಂಡರ್ಡ್ ಯಾರಿಗೆ?"

ನಾನು ನೀರು ಕುಡಿದೆ.

"ಸರಿ, ಈ ಬಾಣ ಏನು? ಮೋಡದಿಂದ ಬಕೆಟ್‌ಗೆ ಬಂದೈತಲ್ಲ. ಇದು ಬರೋದೋ, ಹೋಗೋದೋ? ನಡುವೆ ಬೀಗ ಕಾಣವಲ್ದು."

"ಅದು... ಇದೆ ಮಾವ. ಇಲ್ಲಿ ತೋರಿಸಿಲ್ಲ ಅಷ್ಟೆ."

"ತೋರಿಸ್ದೆ ಇದ್ದದ್ದು ಶಾಪ್‌ನಾಗೆ ತಯಾರಾಗಲ್ಲ ಅಳಿಯಂದ್ರೆ" ಎಂದು ಮಾವ ಕೂತರು.

ರಾತ್ರಿ ಟ್ಯಾಂಕಿಗೆ ಬೆನ್ನು ಕೊಟ್ಟು ಲಾಗಿನ್ ಆದೆ. ಬೀಗ ಇರಲಿಲ್ಲ. ಮೊದಲ ವಾರ ಪರೀಕ್ಷೆಗೆಂದು ನಾನೇ ಮಾಡಿಕೊಂಡಿದ್ದ ಒಂದು ಬಕೆಟ್ಟನ್ನು ಲೋಕಕ್ಕೆಲ್ಲ ತೆರೆದಿಟ್ಟು ಮರೆತುಬಿಟ್ಟಿದ್ದೆ. 2017ರಲ್ಲಿ ಅಮೆರಿಕದ ಸುಮಾರು 19.8 ಕೋಟಿ ಮತದಾರರ ವಿವರಗಳು ಹೀಗೆಯೇ ತೆರೆದಿಟ್ಟ ಒಂದು ಬಕೆಟ್ಟಿನಲ್ಲಿ ಸಿಕ್ಕಿದ್ದವು. ಆ ಸುದ್ದಿಯನ್ನು ತರಬೇತಿಗಳಲ್ಲಿ ಹೇಳಿ ಹೇಳಿ ನನ್ನ ಗಂಟಲು ಬತ್ತಿತ್ತು. ಇಂಥವು ಪದೇ ಪದೇ ಆದ ಮೇಲೆ, 2023ರ ಏಪ್ರಿಲ್‌ನಿಂದ ಅಮೆಜಾನಿನವರು ಹೊಸ ಬಕೆಟ್ಟುಗಳಿಗೆಲ್ಲ ಹೊರಗಿನವರ ಪ್ರವೇಶ ತಾನಾಗಿಯೇ ಮುಚ್ಚಿರುವಂತೆ ಮಾಡಿದರು. ಮುಚ್ಚಳ ಹಾಕಿದರು ಅಂತಲೇ ಇಟ್ಟುಕೊಳ್ಳಿ. ಫ್ಲೆಕ್ಸ್ ಅಂಗಡಿಯ ಹುಡುಗ ಅವರಿಗಿಂತ ಎರಡು ವರ್ಷ ಮುಂದಿದ್ದ.

ಸಂಘದ ಲೆಕ್ಕ ಇದ್ದದ್ದು ಬೇರೆ ಬಕೆಟ್ಟಿನಲ್ಲಿ, ಅದಕ್ಕೆ ಬೀಗ ಇತ್ತು, ದೇವರು ದೊಡ್ಡವನು. ತೆರೆದ ಬಕೆಟ್ಟಿನಲ್ಲಿ ಏನಿದೆ ಎಂದು ಎದೆ ಹೊಡೆದುಕೊಳ್ಳುತ್ತಾ ನೋಡಿದರೆ ಎರಡೇ ಕಡತ. ಒಂದು ನನ್ನ ನಲವತ್ತಮೂರು ಐಕಾನಿನ ನಕ್ಷೆ. ಇನ್ನೊಂದು ಕೊಂಡಜ್ಜಿ ಕೆರೆ ದಂಡೆಯ ಮೇಲಿನ ನನ್ನ ಫೋಟೋ. ಬೇಕೆಂದಿದ್ದರೆ ಜಗತ್ತಿನ ಯಾವ ಮೂಲೆಯ ಕಳ್ಳನಾದರೂ ಅದನ್ನು ಇಳಿಸಿಕೊಳ್ಳಬಹುದಿತ್ತು. ಒಬ್ಬನೂ ಇಳಿಸಿಕೊಂಡಿರಲಿಲ್ಲ.

ಚುನಾವಣೆ ಮುಗಿಯಿತು. ದೊಡ್ಡಪ್ಪ ಮತ ಹಾಕಿ ಬಂದವನು ನಮ್ಮ ಕಟ್ಟೆಗೆ ಬಂದು, "ಬಕೆಟ್ ಹುಡುಕ್ದೆ ಕಣೋ, ಚೀಟಿನಾಗೆ ಇರ್ಲೇ ಇಲ್ಲ. ಯಾವುದಕ್ಕೋ ಸೀಲ್ ಒತ್ತಿ ಬಂದೆ" ಎಂದು ಬೇಸರಪಟ್ಟ.

ಫ್ಲೆಕ್ಸನ್ನು ಅವ್ವ ಬಿಚ್ಚಿ ತರಿಸಿದಳು. ಕಣದಲ್ಲಿ ಒಣಗಲು ಹಾಕಿದ್ದ ಭತ್ತದ ರಾಶಿಗೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲು ಹೇರಿದಳು. ಹೊಸ ವರ್ಷದ ಆಚೀಚೆ ಒಂದು ರಾತ್ರಿ ನಿಜವಾದ ಮೋಡವೇ ಕವಿದು ಮಳೆ ಹುಯ್ಯಿತು. ಬೆಳಿಗ್ಗೆ ಹೋಗಿ ನೋಡಿದರೆ ರಾಶಿ ಬಹುಪಾಲು ಬೆಚ್ಚಗಿತ್ತು. ಬಲಗಡೆಯ ಮೂಲೆಯಲ್ಲಿ ಮಾತ್ರ ಕಟ್ಟುವ ರಿಂಗ್ ಕಿತ್ತು ಹರಿದು, ಅಷ್ಟಗಲ ಭತ್ತ ನೆನೆದು ಮೊಳಕೆಗೆ ಬಂದಿತ್ತು. ಅವ್ವ ಫ್ಲೆಕ್ಸಿನ ಆ ತುದಿಯನ್ನು ಎತ್ತಿ ಹಿಡಿದು ತೋರಿಸಿದಳು.

"ನೋಡು, ಈ ನಿನ್ನ ಬಕೆಟ್ ಐತಲ್ಲ, ಇಲ್ಲೇ ಸೋರಿರೋದು."